ಮನೆಗೆ ಬೀಗ ಬಿದ್ದಿದೆ, ಕರೆಂಟ್ ಬಿಲ್ ಮಾತ್ರ ನಿಂತಿಲ್ಲ!

ಪ್ರಶ್ನೆ: ಸಾಗರದಲ್ಲಿರೋ ಅಪ್ಪನ ಮನೆಗೆ ಬೀಗ ಹಾಕಿ ಐದು ತಿಂಗಳಾಯ್ತು. ಗೃಹಜ್ಯೋತಿ ಬೆಂಗಳೂರಿನ ಬಾಡಿಗೆ ಮನೆಗೆ ಮಾಡಿಸ್ಕೊಂಡಿದೀವಿ. ಅಲ್ಲಿ ಒಂದು ಯೂನಿಟ್ಟೂ ಓಡಿಲ್ಲ, ಆದ್ರೂ ತಿಂಗಳಿಗೆ 435 ರೂಪಾಯಿ ಬರ್ತಿದೆ. ಕರೆಂಟ್ ಆಫೀಸಲ್ಲಿ ಕೇಳಿದ್ರೆ ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ರೇಟು, ನಮ್ಮ ಕೈಲಿಲ್ಲ ಅಂತಾರೆ. ಅದೂ ಸರ್ಕಾರದ್ದೇ ಅಲ್ವಾ?

ಉತ್ತರ: ಅವರು ಸುಳ್ಳೇನೂ ಹೇಳಿಲ್ಲ, ಅರ್ಧ ಹೇಳಿದಾರೆ ಅಷ್ಟೇ. ನಿಮ್ಮ ಬಿಲ್ಲಲ್ಲಿ ಮಂಜೂರಾದ ಲೋಡ್ ಅಂತ, ಅಂದ್ರೆ ಆ ಮನೆ ಒಂದೇ ಸಲಕ್ಕೆ ಎಷ್ಟು ಕರೆಂಟ್ ಎಳೀಬಹುದು ಅನ್ನೋ ಮಿತಿ, ಇರತ್ತೆ ನೋಡಿ, ಅದು 3 ಕಿಲೋವ್ಯಾಟ್ ಇರ್ಬೇಕು. 2025ರ ಏಪ್ರಿಲ್‌ನಿಂದ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ಆಯ್ತು, ಮೂರರಿಂದ ಗುಣಿಸಿ, ನಿಮ್ಮ 435 ಅದೇ. ಮೀಟರ್ ಓಡ್ಲಿ ಬಿಡ್ಲಿ, ಲೈನು ಟ್ರಾನ್ಸ್‌ಫಾರ್ಮರ್ ನಿಮಗೋಸ್ಕರ ಇಟ್ಟಿದ್ದಕ್ಕೆ ಆ ದುಡ್ಡು.

ಇನ್ನು ಈ ಕೆಇಆರ್‌ಸಿ ಆಯೋಗ ಹುಟ್ಟಿದ್ದು 1999ರಲ್ಲಿ, ಹಳೇ ವಿದ್ಯುತ್ ಮಂಡಳಿ ಕೆಇಬಿ ಹೋಗಿ ಸರ್ಕಾರಿ ಕಂಪನಿ ಕೆಪಿಟಿಸಿಎಲ್ ಬಂತಲ್ಲ ಅದೇ ವರ್ಷ. ಅಧ್ಯಕ್ಷರು ಒಬ್ರು, ಸದಸ್ಯರು ಇಬ್ರು. ನೇಮಕ ಮಾಡೋದು ಸರ್ಕಾರಾನೇ, ಆದ್ರೆ ಇಷ್ಟೇ ರೇಟು ಇಡಿ ಅಂತ ಮಂತ್ರಿಗಳು ಹೇಳೋ ಹಾಗಿಲ್ಲ. ಎಸ್ಕಾಂಗಳು (ಬೆಸ್ಕಾಂ, ಮೆಸ್ಕಾಂ ಥರ ಮನೆಗೆ ಕರೆಂಟ್ ಕೊಡೋ ಕಂಪನಿಗಳು) ನಮಗೆ ಇಷ್ಟು ಖರ್ಚು, ಇಷ್ಟು ಏರಿಸಿ ಅಂತ ಅರ್ಜಿ ಹಾಕ್ತವೆ, ಆಯೋಗ ಲೆಕ್ಕ ನೋಡಿ, ಜನರ ಮಾತು ಕೇಳಿ, ಅಷ್ಟಿಷ್ಟು ಕತ್ತರಿ ಹಾಕಿ ಆದೇಶ ಕೊಡತ್ತೆ. ಸರ್ಕಾರಕ್ಕೆ ಯಾರಿಗಾದ್ರೂ ಫ್ರೀ ಕೊಡೋ ಮನಸ್ಸಿದ್ರೆ ಕೊಡ್ಲಿ, ಆದ್ರೆ 2003ರ ವಿದ್ಯುತ್ ಕಾಯ್ದೆ 65ನೇ ಸೆಕ್ಷನ್ ಪ್ರಕಾರ ಆ ಸಬ್ಸಿಡಿ ದುಡ್ಡನ್ನ ಮುಂಚೇನೇ ಕಟ್ಬೇಕು. 10 ಎಚ್‌ಪಿವರೆಗಿನ ಪಂಪ್‌ಸೆಟ್ ಇರ್ಲಿ, ಗೃಹಜ್ಯೋತಿ ಇರ್ಲಿ, ಫ್ರೀ ಅಂದ್ರೆ ನಿಮ್ಮ ಬದಲು ಸರ್ಕಾರ ಕಟ್ತಿದೆ ಅಂತ.

ಕಟ್ದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ಆ ಪೆನ್ಶನ್ ಸರ್‌ಚಾರ್ಜ್ ನೋಡಿ. ಕೆಪಿಟಿಸಿಎಲ್, ಎಸ್ಕಾಂ ನೌಕರರ ಪೆನ್ಶನ್-ಗ್ರಾಚ್ಯುಟಿಗೆ ಸರ್ಕಾರ ಕೊಡ್ಬೇಕಿದ್ದ ಪಾಲು 2025ರಲ್ಲಿ ಯೂನಿಟ್‌ಗೆ 36 ಪೈಸೆ ಆಗಿ ನಮ್ಮ ತಲೆಗೆ ಬಂತು. ನನಗಂತೂ ಇದು ಸರಿ ಕಾಣಲ್ಲ.

ಈಗ ನೀವು ಮಾಡ್ಬೇಕಾದ್ದು, ಆ ಮನೆ ಹೇಗೂ ಖಾಲಿ ತಾನೆ, ಲೋಡ್ ಇಳಿಸಿ ಅಂತ ಸಬ್ ಡಿವಿಷನ್ ಆಫೀಸಲ್ಲಿ ಅರ್ಜಿ ಕೊಡಿ, 1 ಕಿಲೋವ್ಯಾಟ್‌ಗೆ ಇಳಿದ್ರೆ 290 ರೂಪಾಯಿ ಉಳೀತು. ಸ್ಪಂದಿಸ್ಲಿಲ್ವಾ, ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಒಂಬುಡ್ಸ್‌ಮನ್. ರೇಟಿನ ಬಗ್ಗೇನೇ ತಕರಾರು ಅಂದ್ರೆ, ಪೇಪರಲ್ಲಿ ಎಸ್ಕಾಂ ಪ್ರಕಟಣೆ ಬಂದಾಗ ಆಯೋಗಕ್ಕೆ ಆಕ್ಷೇಪಣೆ ಬರೀರಿ, ವಕೀಲರೇನೂ ಬೇಡ.