ಮೊದಲು ಆ ಲೌಡ್‌ನೆಸ್ ಬಟನ್ ಆಫ್ ಮಾಡಿ

ಗುರುವೇ, "ಇಟಲಿಯ ರಾಕ್ ಬ್ಯಾಂಡ್ ಇಲ್ ತೆಯಾತ್ರೊ ದೆಲ್ಯಿ ಒರ್ರೋರಿಯ ಎರಡನೇ ಆಲ್ಬಮ್ ಬರೀ ಗುಂಯ್ ಅನ್ನುತ್ತೆ, ಬಾಸ್ ಬೂಸ್ಟ್, ಲೌಡ್‌ನೆಸ್ ಎರಡೂ ಹಾಕಿದೆ, ಆದ್ರೂ ಹಾಡೋನ ದನಿ ಕೇಳಲ್ಲ" ಅಂತ ಬರೆದಿದ್ದೀರಿ. ಹಾಕಿದ್ದಕ್ಕೇ ಕೇಳುತ್ತಿಲ್ಲ!

ನಾನೂ ಇದೇ ತಪ್ಪು ಮಾಡಿದವನು. ನನ್ನ ಹಳೇ ಆಂಪ್ಲಿಫೈಯರ್‌ನಲ್ಲಿ ಲೌಡ್‌ನೆಸ್ ಬಟನ್ ಸದಾ ಒತ್ತೇ ಇರುತ್ತಿತ್ತು. 2007ರ ಮೊದಲ ಆಲ್ಬಮ್ಮೂ ಅಷ್ಟೇ, 2009ರ ಈ 'ಆ ಸಾಂಗ್ವೆ ಫ್ರೆದ್ದೊ'ನೂ ಅಷ್ಟೇ, ಕೆಸರು ಕಲಸಿದ ಹಾಗೆ. ರೆಕಾರ್ಡಿಂಗೇ ಸರಿಯಿಲ್ಲ ಅಂತ ಬೈದೆ. ಸುಮ್ನೆ ಕೇಬಲ್‌ಗೆ ದುಡ್ಡು ಸುರಿದೆ. ಒಂದು ದಿನ ಧೂಳು ಒರೆಸುವಾಗ ಬಟ್ಟೆ ತಾಗಿ ಬಟನ್ ಹೊರಗೆ ಬಂತು. ಬ್ಯಾಂಡಿನ ಹಾಡುಗಾರ ಕಪೊವಿಲ್ಲಾ ನನ್ನ ಕುರ್ಚಿ ಮುಂದೆಯೇ ನಿಂತು ಕೂಗಿದ ಹಾಗಾಯಿತು! ಆ ಬಟನ್ ಇರುವುದು ವಾಲ್ಯೂಮ್ ತೀರಾ ಕಮ್ಮಿ ಇಟ್ಟಾಗ ಕಿವಿಗೆ ಸಿಗದ ಬಾಸನ್ನು ಎತ್ತಿಕೊಡೋಕೆ. ಜೋರಾಗಿ ಕೇಳುವಾಗ ಹಾಕಿದರೆ ಬಾಸ್ ಹಾಡೋನ ದನಿಯನ್ನೇ ನುಂಗುತ್ತದೆ. ಇಂಥ ಗದ್ದಲದ ನಾಯ್ಸ್ ರಾಕ್‌ನ ಮಜಾ ಎಲ್ಲ ಮಿಡ್‌ನಲ್ಲೇ, ಅಂದರೆ ದನಿ, ಗಿಟಾರ್ ಇರುವ ನಡುವಿನ ಸ್ವರಗಳಲ್ಲೇ ಅಲ್ವಾ?

ಇಕ್ಯೂ (ಈಕ್ವಲೈಸರ್) ಫ್ಲ್ಯಾಟ್ ಇಡಿ, ಯಾವುದನ್ನೂ ಏರಿಸದೆ, ಇಳಿಸದೆ. ಆಮೇಲೂ ಗುಂಯ್ ಅಂದರೆ 200 ಹರ್ಟ್ಸ್ ಸುತ್ತ 2-3 ಡೆಸಿಬೆಲ್ ಇಳಿಸಿ. ಏರಿಸಬೇಡಿ. ಏರಿಸಲೇಬೇಕು ಅಂದರೆ ಇಕ್ಯೂನಲ್ಲಿರುವ ಪ್ರಿಆಂಪ್ (ಒಟ್ಟು ಮಟ್ಟ) ಅಷ್ಟೇ ಕೆಳಗಿಡಿ, ಇಲ್ಲಾಂದ್ರೆ ಕ್ಲಿಪ್ ಆಗಿ ಸದ್ದು ಒಡೆಯುತ್ತದೆ. ಇಂಥ ಆಲ್ಬಮ್‌ನಲ್ಲಿ ಬ್ಯಾಂಡಿನ ಡಿಸ್ಟಾರ್ಷನ್ ಯಾವುದು, ನಿಮ್ಮದು ಯಾವುದು ಗೊತ್ತೇ ಆಗುವುದಿಲ್ಲ. ಸ್ಪಾಟಿಫೈನಲ್ಲಿ ವಾಲ್ಯೂಮ್ ಲೆವೆಲ್ 'ಲೌಡ್' ಇದ್ದರೆ 'ನಾರ್ಮಲ್' ಮಾಡಿ, ಲೌಡ್‌ನಲ್ಲಿ ಜೋರು ಸದ್ದನ್ನು ಒತ್ತಿಹಿಡಿಯುವ ಲಿಮಿಟರ್ ಕೂರುತ್ತದೆ. ಸ್ಪೀಕರ್ ಮೂಲೆಯಲ್ಲಿದ್ದರೆ ಈಚೆಗೆ ಎಳೆಯಿರಿ. ಹೆಡ್‌ಫೋನಾದರೆ ಆಡಿಯೋ ಟೆಕ್ನಿಕಾ ಎಮ್40ಎಕ್ಸ್ ಸಾಕು. ಎಲ್ಲರೂ ಹೊಗಳುವ ಎಮ್50ಎಕ್ಸ್‌ನಲ್ಲಿ ನನ್ನ ಕಿವಿಗೆ ಬಾಸ್ ಜಾಸ್ತಿ. ಬೈಯುವವರು ಬೈಯಿರಿ.

ಇನ್ನೊಂದು. ಆಲ್ಬಮ್ಮಿನ ಹೆಸರನ್ನು ಅನುವಾದದ ಆ್ಯಪ್‌ಗೆ ಹಾಕಿ "ತಣ್ಣನೆಯ ರಕ್ತ" ಅಂತ ಓದಿಕೊಂಡು ದೆವ್ವದ ಆಲ್ಬಮ್ ಅಂದುಕೊಂಡಿದ್ದೀರಲ್ಲ, ಅದೂ ತಪ್ಪು. ಕರುಣೆ ಇಲ್ಲದೆ, ತಣ್ಣಗೆ ಕೊಲ್ಲುವುದು ಅಂತ ಅರ್ಥ. ಅದೇ ಹೆಸರಿನ ಹಾಡು ನೈಜೀರಿಯಾದ ಲೇಖಕ ಕೆನ್ ಸಾರೋ-ವಿವಾ ಬಗ್ಗೆ. ತೈಲ ಕಂಪನಿಗಳಿಂದ ಹಾಳಾದ ಒಗೋನಿ ಜನರ ನೆಲಕ್ಕಾಗಿ ಹೋರಾಡಿದವರು. 1995ರ ನವೆಂಬರ್ 10ರಂದು ಮಿಲಿಟರಿ ಸರ್ಕಾರ ಅವರನ್ನೂ ಇನ್ನೂ ಎಂಟು ಜನರನ್ನೂ ಗಲ್ಲಿಗೇರಿಸಿತು. ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ಕಪೊವಿಲ್ಲಾ ಹಾಡುವುದಕ್ಕಿಂತ ನಾಟಕದ ಮಾತಿನ ಹಾಗೆ ಒಪ್ಪಿಸುವುದೇ ಜಾಸ್ತಿ, ಪದ ಸಿಕ್ಕರೆ ದನಿಯೂ ಸಿಗುತ್ತದೆ. ಅದಾದ ಮೇಲೆ 'ಮಯಾಕೊವ್‌ಸ್ಕಿ' ಹಾಕಿ, ಆ ಹೆಸರಿನ ರಷ್ಯನ್ ಕವಿಯ ಪದ್ಯವನ್ನೇ ಎತ್ತಿಕೊಂಡಿದ್ದಾರೆ.

ರಾತ್ರಿ ಮನೆಯವರು ಮಲಗಿದ ಮೇಲೆ ಮೆಲ್ಲಗೆ ಕೇಳುವುದಾದರೆ ಲೌಡ್‌ನೆಸ್ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಬೆಳಿಗ್ಗೆ ಎದ್ದು ಆಫ್ ಮಾಡಿ ಅಷ್ಟೇ.