ಮುಖಕ್ಕೆ ಹಚ್ಚುವ ಆಸಿಡ್: ಯಾರಿಗೆ, ಯಾವುದು, ಎಷ್ಟು?

ಪ್ರಶ್ನೆ: ನನಗೆ 21 ವರ್ಷ, ಎಣ್ಣೆ ಚರ್ಮ. ಮೂಗಿನ ಮೇಲೆ ಬ್ಲ್ಯಾಕ್‌ಹೆಡ್, ಗದ್ದದ ಸುತ್ತ ಮೊಡವೆ. ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್ ಎರಡು ತಿಂಗಳಿಂದ ಹಚ್ಚುತ್ತಿದ್ದರೂ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಗ್ಲೈಕೋಲಿಕ್ ಸೀರಮ್‌ಗೆ ಬದಲಾಯಿಸಲೇ? 'ಫ್ರೂಟ್ ಆಸಿಡ್' ಎಂದು ಬರೆದಿರುವ ಕ್ರೀಮ್ ಕೂಡ ಇದೇ ಕೆಲಸ ಮಾಡುತ್ತದೆಯೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನೀವು ಆರಿಸಿದ ಆಸಿಡ್ ಸರಿಯಾಗಿಯೇ ಇದೆ. ಅದಕ್ಕೆ ಕೆಲಸ ಮಾಡಲು ಹೊತ್ತು ಸಿಗುತ್ತಿಲ್ಲ, ಅಷ್ಟೇ. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಕರಗುವಂಥದ್ದು. ಜಿಡ್ಡು ತುಂಬಿದ ರಂಧ್ರದೊಳಕ್ಕೆ ಇಳಿದು ಅಲ್ಲಿ ಕಟ್ಟಿಕೊಂಡಿದ್ದನ್ನು ಸಡಿಲಿಸುತ್ತದೆ. ಗ್ಲೈಕೋಲಿಕ್, ಲ್ಯಾಕ್ಟಿಕ್ ನೀರಿನಲ್ಲಿ ಕರಗುವಂಥವು, ಅವುಗಳ ಕೆಲಸ ಹೆಚ್ಚಾಗಿ ಮೇಲ್ಪದರದ ಸತ್ತ ಕೋಶಗಳನ್ನು ಬಿಡಿಸುವುದು. ಬ್ಲ್ಯಾಕ್‌ಹೆಡ್‌ಗೆ ಅವು ಎರಡನೇ ಆಯ್ಕೆ. ಆದರೆ ಫೇಸ್‌ವಾಶ್ ಮುಖದ ಮೇಲೆ ಇರುವುದೇ ಅರ್ಧ ನಿಮಿಷ, ಆಮೇಲೆ ಆಸಿಡ್ಡೂ ನೀರಿನ ಜೊತೆ ಹೋಯಿತು. ಅದೇ ಸ್ಯಾಲಿಸಿಲಿಕ್ ಶೇ. 2ರ ಸೀರಮ್ ಅಥವಾ ಜೆಲ್ ತೆಗೆದುಕೊಳ್ಳಿ. ಫೇಸ್‌ವಾಶ್ ಯಾವುದಾದರೂ ಸಾದಾ ಇರಲಿ.

ಮೊದಲ ಮೂರು ವಾರ ವಾರಕ್ಕೆರಡು ರಾತ್ರಿ ಸಾಕು. ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಮೂರ್ನಾಲ್ಕು ಹನಿ ತೆಳ್ಳಗೆ ಸವರಿ. ಹತ್ತು ನಿಮಿಷ ಬಿಟ್ಟು ಮಾಯಿಶ್ಚರೈಸರ್. ಕಣ್ಣಿನ ಸುತ್ತ, ಮೂಗಿನ ಅಂಚು, ತುಟಿಯ ಮೂಲೆ ಬಿಡಿ. ಉರಿ ಇಲ್ಲದಿದ್ದರೆ ದಿನ ಬಿಟ್ಟು ದಿನಕ್ಕೆ ಬನ್ನಿ. ಮೊದಲ ಕೆಲವು ವಾರ ಮಾಮೂಲಿ ಜಾಗದಲ್ಲೇ ನಾಲ್ಕು ಮೊಡವೆ ಜಾಸ್ತಿ ಎದ್ದರೆ ಗಾಬರಿ ಬೇಡ. ಹಿಂದೆಂದೂ ಏಳದ ಕಡೆ ಗುಳ್ಳೆ, ತುರಿಕೆ, ಕೆಂಪು ಬಂದರೆ ಅದು ಬೇರೆ, ನಿಲ್ಲಿಸಬೇಕು. ಎಂಟು ವಾರವಾಗದೆ ತೀರ್ಪು ಕೊಡಬೇಡಿ.

ಇನ್ನು 'ಫ್ರೂಟ್ ಆಸಿಡ್', ಅಂದರೆ ಗ್ಲೈಕೋಲಿಕ್, ಲ್ಯಾಕ್ಟಿಕ್ ಥರದ ಆಸಿಡ್‌ಗಳ ವಿಷಯ. ಬಾಟಲಿಯ ಮುಂದೆ ಬರೆದಿದ್ದು ಮಾರುವವರ ಮಾತು. ಹಿಂದಿನ ಸಣ್ಣಕ್ಷರ ಓದಿ. ಪದಾರ್ಥಗಳನ್ನು ಪ್ರಮಾಣ ಇಳಿಯುವ ಕ್ರಮದಲ್ಲಿ ಬರೆದಿರುತ್ತಾರೆ, ಶೇ. 1ಕ್ಕಿಂತ ಕಡಿಮೆ ಇರುವುದು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರಬಹುದು. ಇಲ್ಲೊಂದು ಸುಲಭದ ಗುರುತಿದೆ: ಫೆನಾಕ್ಸಿಎಥನಾಲ್. ಕೆಡದಂತೆ ಇಡಲು ಹಾಕುವ ಇದರ ಮಿತಿಯೇ ಶೇ. 1. ಆಸಿಡ್ಡಿನ ಹೆಸರು ಇದರ ನಂತರ ಬಂದಿದ್ದರೆ ಅದು ಹೆಸರಿಗಷ್ಟೇ ಇದೆ ಎಂದುಕೊಳ್ಳಿ. 'ಕಬ್ಬಿನ ಸಾರ', 'ವಿಲ್ಲೋ ತೊಗಟೆ ಸಾರ' ಎಂದಿದ್ದರೆ ಅದನ್ನು ಗ್ಲೈಕೋಲಿಕ್, ಸ್ಯಾಲಿಸಿಲಿಕ್ ಲೆಕ್ಕಕ್ಕೆ ಹಿಡಿಯಬೇಡಿ.

ಶೇಕಡಾವಾರಿನಷ್ಟೇ ಮುಖ್ಯ ಪಿಎಚ್, ಅಂದರೆ ಹುಳಿಯ ಅಳತೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಗ್ಲೈಕೋಲಿಕ್ ಶೇ. 10 ಎಂದು ಬರೆದ ಎರಡು ಬಾಟಲಿಗಳಿವೆ ಅನ್ನಿ. ಪಿಎಚ್ 3.8 ಇರುವುದರಲ್ಲಿ ಅರ್ಧದಷ್ಟು ಆಸಿಡ್ ಬಿಡಿಯಾಗಿ, ಕೆಲಸಕ್ಕೆ ಸಿದ್ಧವಾಗಿ ಇರುತ್ತದೆ. 4.8 ಇರುವುದರಲ್ಲಿ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಅಂಗಡಿಯಲ್ಲಿ ಬೆಲೆ ಮಾತ್ರ ಎರಡಕ್ಕೂ ಒಂದೇ ಇರಬಹುದು! ಪಿಎಚ್ ಅಚ್ಚು ಹಾಕಿರುವ ಕಂಪನಿಗೇ ಮೊದಲ ಮಣೆ ಹಾಕಿ.

ಪ್ರಶ್ನೆ: ನನ್ನದು ಒಣ ಚರ್ಮ. ಚಳಿಗಾಲದಲ್ಲಿ ಕೆನ್ನೆ ಬಿರಿದು ಹೊಟ್ಟು ಏಳುತ್ತದೆ. ಕಾಫಿಪುಡಿ, ಸಕ್ಕರೆ, ನಿಂಬೆರಸ ಕಲಸಿ ವಾರಕ್ಕೆ ಮೂರು ಸಲ ಉಜ್ಜುತ್ತಿದ್ದೆ. ಈಗ ಮಾಮೂಲಿ ಕ್ರೀಮ್ ಹಚ್ಚಿದರೂ ಚುರುಚುರು ಎನ್ನುತ್ತದೆ. ಕಡಲೆಹಿಟ್ಟು, ಮೊಸರು ಆದರೂ ಹಚ್ಚಬಹುದೇ?
— ಗೃಹಿಣಿ, ಸಾಗರ

ಉತ್ತರ: ಸದ್ಯಕ್ಕೆ ಏನನ್ನೂ ಉಜ್ಜಬೇಡಿ. ಸಾದಾ ಕ್ರೀಮ್ ಕೂಡ ಚುರುಗುಟ್ಟುತ್ತಿದೆ ಎಂದರೆ ಚರ್ಮದ ರಕ್ಷಣಾ ಪದರ ಹರಿದಿದೆ. ಏಳುತ್ತಿರುವ ಹೊಟ್ಟು ಸತ್ತ ಚರ್ಮ ಹೆಚ್ಚಾಗಿ ಬಂದಿದ್ದಲ್ಲ, ನೀರಿನಂಶ ನಿಲ್ಲದೆ ಬಂದಿದ್ದು. ಅದನ್ನು ಉಜ್ಜಿ ತೆಗೆದಷ್ಟೂ ಮತ್ತೆ ಏಳುತ್ತದೆ. ಮೂರರಿಂದ ನಾಲ್ಕು ವಾರ ಸುಗಂಧವಿಲ್ಲದ ಸೌಮ್ಯ ಕ್ಲೆನ್ಸರ್, ಗ್ಲಿಸರಿನ್ ಮತ್ತು ಸೆರಮೈಡ್ ಇರುವ ಕ್ರೀಮ್, ರಾತ್ರಿ ಬಿರಿದ ಕಡೆ ಪೆಟ್ರೋಲಿಯಂ ಜೆಲ್ಲಿ, ಇಷ್ಟೇ. ಹಂಡೆಯ ಸುಡುನೀರನ್ನು ಮುಖಕ್ಕೆ ಎರಚಿಕೊಳ್ಳುವುದನ್ನೂ ಬಿಡಿ, ಉಗುರುಬೆಚ್ಚಗಿದ್ದರೆ ಸಾಕು.

ನಿಂಬೆರಸದ ಪಿಎಚ್ ಸುಮಾರು 2, ಮುಖದ ಸೀರಮ್‌ಗಳು ಸಾಮಾನ್ಯವಾಗಿ ಅಷ್ಟು ಹುಳಿ ಇರುವುದಿಲ್ಲ. ಜೊತೆಗೆ ನಿಂಬೆ, ಹೇರಳೆ ಜಾತಿಯ ಹಣ್ಣುಗಳ ರಸ, ಸಿಪ್ಪೆಯೆಣ್ಣೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಕಾಫಿಪುಡಿ, ಸಕ್ಕರೆ, ಅಕ್ರೋಟದ ಚಿಪ್ಪಿನ ಪುಡಿ ಇವೆಲ್ಲ ಮೊಣಕೈ, ಹಿಮ್ಮಡಿಗೆ ಸರಿ, ಕೆನ್ನೆಗಲ್ಲ. ನುಣ್ಣಗೆ ಜರಡಿ ಹಿಡಿದ ಕಡಲೆಹಿಟ್ಟನ್ನು ತೆಳ್ಳಗೆ ಕಲಸಿ, ತಿಕ್ಕದೆ ಸವರಿ, ಒಣಗುವ ಮೊದಲೇ ತೊಳೆದರೆ ತೊಂದರೆ ಇಲ್ಲ, ಅದೂ ಚರ್ಮ ಸುಧಾರಿಸಿದ ಮೇಲೆ. ಮೊಸರಿನಲ್ಲಿ ಲ್ಯಾಕ್ಟಿಕ್ ಆಸಿಡ್ ಇರುವುದು ನಿಜ, ಸುಮಾರು ಶೇ. 1. ತಂಪು ಸಿಗುತ್ತದೆ, ಅದಕ್ಕಿಂತ ಹೆಚ್ಚೇನೂ ನಿರೀಕ್ಷಿಸಬೇಡಿ.

ಉರಿ ಪೂರ್ತಿ ನಿಂತ ಮೇಲೆ ಲ್ಯಾಕ್ಟಿಕ್ ಶೇ. 5 ಅಥವಾ ಗ್ಲುಕನೊಲ್ಯಾಕ್ಟೋನ್ ಇರುವುದನ್ನು ವಾರಕ್ಕೊಮ್ಮೆ ನೋಡಬಹುದು. ಗ್ಲುಕನೊಲ್ಯಾಕ್ಟೋನ್ ಕಣ ದೊಡ್ಡದು, ನಿಧಾನಕ್ಕೆ ಇಳಿಯುತ್ತದೆ, ನೀರಿನಂಶವನ್ನೂ ಹಿಡಿದಿಡುತ್ತದೆ. ಬೇಗ ಕೆಂಪಾಗುವ ಚರ್ಮಕ್ಕೆ ಮೊದಲು ಕೊಡಬೇಕಾದ್ದು ಅದೇ. ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಒಳಬದಿಗೆ ಒಂದೇ ಜಾಗದಲ್ಲಿ ದಿನಕ್ಕೆರಡು ಸಲ, ಏಳು ದಿನ ಹಚ್ಚಿ ನೋಡಿ. ಒಂದೇ ದಿನದ ಪರೀಕ್ಷೆಯಲ್ಲಿ ಅಲರ್ಜಿ ಗೊತ್ತಾಗುವುದಿಲ್ಲ.

ಪ್ರಶ್ನೆ: ಐದು ತಿಂಗಳ ಬಸುರಿ. ಸ್ಯಾಲಿಸಿಲಿಕ್ ಫೇಸ್‌ವಾಶ್ ಬಿಡಬೇಕೇ?
— ಸೊರಬ

ಉತ್ತರ: ತೊಳೆದುಹೋಗುವ ಫೇಸ್‌ವಾಶ್‌ಗೆ ಹೆದರಬೇಕಿಲ್ಲ. ಮೈತುಂಬ ಹಚ್ಚುವುದು, ಪಾರ್ಲರ್‌ನ ಸ್ಯಾಲಿಸಿಲಿಕ್ ಪೀಲ್ (ಮೇಲ್ಪದರ ಸುಲಿಯಲು ಹಚ್ಚುವ ಗಾಢ ಆಸಿಡ್) ಬೇಡ. ಹಚ್ಚುವ ಬೇರೆ ಯಾವುದೇ ಕ್ರೀಮ್‌ನಲ್ಲಿ ವಿಟಮಿನ್ ಎ ಜಾತಿಯ ರೆಟಿನಾಲ್, ಟ್ರೆಟಿನಾಯ್ನ್, ಅಡಾಪಲೀನ್ ಇದ್ದರೆ ಇವತ್ತೇ ನಿಲ್ಲಿಸಿ, ಹೆರಿಗೆ ಡಾಕ್ಟರಿಗೂ ತಿಳಿಸಿ. ಮೊಡವೆಗೆ ಅಝೆಲಾಯಿಕ್ ಆಸಿಡ್ ಅವರನ್ನೇ ಕೇಳಿ ಬಳಸಬಹುದು.

ಪ್ರಶ್ನೆ: 42 ವರ್ಷ. ಎರಡೂ ಕೆನ್ನೆ ಮೇಲೆ ಬಂಗು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಹಚ್ಚಿದಾಗ ಬೆಳ್ಳಗಾಗಿ, ಬಿಟ್ಟರೆ ಇನ್ನೂ ಕಪ್ಪಾಗುತ್ತದೆ. ಆನ್‌ಲೈನ್‌ನಲ್ಲಿ ಗ್ಲೈಕೋಲಿಕ್ ಶೇ. 30 ಪೀಲ್ ತರಿಸಿದ್ದೇನೆ. ಹಚ್ಚಬಹುದೇ?
— ಶಿಕ್ಷಕಿ, ಹೊಸನಗರ

ಉತ್ತರ: ಆ ಪೀಲ್ ಬಾಟಲಿ ತೆರೆಯಬೇಡಿ. ಅಮೆರಿಕದ ಕಾಸ್ಮೆಟಿಕ್ ಇಂಗ್ರೀಡಿಯೆಂಟ್ ರಿವ್ಯೂ ಸಮಿತಿ 1998ರಲ್ಲಿ ಮನೆ ಬಳಕೆಗೆ ಹಾಕಿಕೊಟ್ಟ ಮಿತಿ ಗ್ಲೈಕೋಲಿಕ್ ಶೇ. 10, ಪಿಎಚ್ 3.5ಕ್ಕಿಂತ ಕಡಿಮೆ ಇರಬಾರದು. ಶೇ. 30 ಎಂದರೆ ಗಡಿಯಾರ ಹಿಡಿದು, ಅರ್ಧ ನಿಮಿಷದ ಲೆಕ್ಕದಲ್ಲಿ, ತಕ್ಷಣ ತಟಸ್ಥಗೊಳಿಸಲು ತಯಾರಾಗಿ ಹಚ್ಚುವ ವಸ್ತು. ನಮ್ಮ ಕಂದು ಚರ್ಮ ಸ್ವಲ್ಪ ಸುಟ್ಟರೂ ಅಲ್ಲಿ ಬಣ್ಣ ಇನ್ನಷ್ಟು ಗಟ್ಟಿಯಾಗುತ್ತದೆ. ಬಂಗು ತೆಗೆಯಲು ಹೋಗಿ ಸುಟ್ಟ ಕಲೆಯನ್ನೂ ಅದರ ಮೇಲೆ ಹೇರಿಕೊಳ್ಳುವ ಕೆಲಸ.

ಅದಕ್ಕೂ ಮೊದಲು ಮೆಡಿಕಲ್ ಶಾಪಿನ ಆ ಟ್ಯೂಬ್ ತಿರುಗಿಸಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟಿರಾಯ್ಡ್. 2018ರಲ್ಲೇ ಇಂಥವನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ ಡಾಕ್ಟರ ಚೀಟಿ ಕಡ್ಡಾಯ ಮಾಡಿದ್ದರೂ ಕೇಳಿದವರಿಗೆಲ್ಲ ಕೊಡುವ ಚಾಳಿ ನಿಂತಿಲ್ಲ. ಸ್ಟಿರಾಯ್ಡ್‌ನಿಂದ ತೆಳ್ಳಗಾದ ಚರ್ಮಕ್ಕೆ ಶೇ. 5ರ ಆಸಿಡ್ಡೂ ಹೆಚ್ಚೇ. ಬಹಳ ದಿನ ಹಚ್ಚಿದ್ದರೆ ಒಮ್ಮೆಲೇ ಬಿಟ್ಟಾಗ ಮುಖ ಕೆಂಪೇರಿ ಉರಿಯುವುದೂ ಉಂಟು. ಹಾಗಾಗಿ ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ, ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.

ಬಂಗಿಗೆ ಮೊದಲ ಔಷಧ ಸನ್‌ಸ್ಕ್ರೀನ್. ಎಸ್‌ಪಿಎಫ್ 30ಕ್ಕೆ ಮೇಲ್ಪಟ್ಟದ್ದು, ಸಾಧ್ಯವಾದರೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ತೋರು ಬೆರಳು, ನಡು ಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು ಮುಖ, ಕತ್ತಿಗೆ ಬೇಕು. ಮಳೆಗಾಲದ ಮೋಡ ಎಂದು ಬಿಡುವಂತಿಲ್ಲ. ಬಚ್ಚಲ ಒಲೆಯ ಮುಂದೆ ಮುಖಕೊಟ್ಟು ಕೂರುವ ಅಭ್ಯಾಸವಿದ್ದರೆ ಅದನ್ನೂ ಕಡಿಮೆ ಮಾಡಿ, ಕಾವು ಸಹ ಬಂಗಿಗೆ ಆಗುವುದಿಲ್ಲ.

ಪ್ರಶ್ನೆ: ಮಳೆಗಾಲ ಬಂತೆಂದರೆ ಮಗನ ಹಣೆ, ಬೆನ್ನಿನ ಮೇಲೆ ಸಾಸಿವೆ ಗಾತ್ರದ ಒಂದೇ ಥರದ ಗುಳ್ಳೆ, ವಿಪರೀತ ತುರಿಕೆ. ಸ್ಯಾಲಿಸಿಲಿಕ್ ಹಚ್ಚಿ ಸಾಕಾಯಿತು.
— ಆಗುಂಬೆ

ಉತ್ತರ: ಎಲ್ಲ ಗುಳ್ಳೆಯೂ ಒಂದೇ ಅಳತೆ, ಬ್ಲ್ಯಾಕ್‌ಹೆಡ್ ಇಲ್ಲ, ತುರಿಕೆ ಇದೆ ಎಂದರೆ ಅದು ಮೊಡವೆಯಾಗಿರುವ ಸಾಧ್ಯತೆ ಕಡಿಮೆ. ಚರ್ಮದ ಮೇಲೆ ಸಹಜವಾಗಿಯೇ ಇರುವ ಮಲಸೇಜಿಯಾ ಎಂಬ ಶಿಲೀಂಧ್ರ ಥಂಡಿ, ಬೆವರಿನಲ್ಲಿ ಕೂದಲ ಬುಡದೊಳಗೆ ಹೆಚ್ಚಿಕೊಂಡಿರಬಹುದು. ಕೀಟೊಕೊನಜೋಲ್ ಶೇ. 2ರ ಶಾಂಪೂವನ್ನು ಹಣೆ, ಬೆನ್ನಿಗೆ ಸವರಿ 5 ನಿಮಿಷ ಬಿಟ್ಟು ತೊಳೆಯಲಿ, ವಾರಕ್ಕೆ ಮೂರು ಸಲ. ಹಣೆಗೆ ಇಳಿಯುವಂತೆ ತಲೆಗೆ ಎಣ್ಣೆ ಹಾಕಬೇಡಿ, ಆ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಅರೆ ಒಣಗಿದ ಬನಿಯನ್ ಹಾಕಿಕೊಳ್ಳುವುದು ಬೇಡ, ಒಲೆ ಮೇಲಿನ ಗಳುವಿನಲ್ಲಾದರೂ ಪೂರ್ತಿ ಆರಿಸಿ. ಮೂರು ವಾರದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಅಡಿಕೆ ಸುಲಿತಕ್ಕೆ ಹೋಗುತ್ತೇವೆ. ಬೆರಳು, ಅಂಗೈ ಕಪ್ಪಾಗಿ ಬಿರಿಯುತ್ತವೆ. ಸೀಗೆಪುಡಿ, ಬಟ್ಟೆ ಸೋಡಾ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಮುಖಕ್ಕೆ ಹಚ್ಚುವ ಗ್ಲೈಕೋಲಿಕ್ ಕೈಗೆ ಹಚ್ಚಿದರೆ ಹೋಗುತ್ತದೆಯೇ?
— ಮಹಿಳೆಯರ ಗುಂಪು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹಸಿ ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಚರ್ಮದ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಸುಲಿಯುವ ಮೆಟ್ಟುಗತ್ತಿಯ ಕಬ್ಬಿಣ ಸೇರಿದರೆ ಬಣ್ಣ ಇನ್ನೂ ಕಡುಕಪ್ಪು. ಅಂದರೆ ಇದು ಮೇಲೆ ಕೂತ ಕೊಳೆಯಲ್ಲ. ಆ ಪದರವೇ ಉದುರಬೇಕು. ಅಂಗೈಯ ಸತ್ತ ಪದರ ಮುಖದ್ದಕ್ಕಿಂತ ಹಲವು ಪಟ್ಟು ದಪ್ಪ, ಮುಖದ ಸೀರಮ್ ಅಲ್ಲಿ ದುಡ್ಡು ದಂಡ. ಬಿರಿದ ಜಾಗಕ್ಕೆ ತಾಗಿದರೆ ಉರಿ ಬೇರೆ. ಬಟ್ಟೆ ಸೋಡಾ ಅಂತೂ ಕೂಡದು, ಅದರ ಕ್ಷಾರಕ್ಕೆ ಇದ್ದಬದ್ದ ಜಿಡ್ಡೂ ಹೋಗಿ ಬಿರುಕು ಆಳವಾಗುತ್ತದೆ.

ಅಂಗೈಗೆ ಬೇಕಾದ್ದು ಯೂರಿಯಾ ಶೇ. 10ರಿಂದ 20 ಇರುವ ಕ್ರೀಮ್, ಇಲ್ಲವೇ ಲ್ಯಾಕ್ಟಿಕ್ ಶೇ. 12ರ ಲೋಶನ್. ಎರಡೂ ಗಟ್ಟಿ ಚರ್ಮವನ್ನು ಮೆತ್ತಗೆ ಮಾಡಿ ಬಿಡಿಸುತ್ತವೆ. ಆದರೆ ರಕ್ತ ಕಾಣುವಷ್ಟು ಬಿರುಕಿದ್ದರೆ ಮೊದಲು ಅದು ಕೂಡಲಿ: ರಾತ್ರಿ ಕೈಯನ್ನು ಹತ್ತು ನಿಮಿಷ ಉಗುರುಬೆಚ್ಚನೆ ನೀರಿನಲ್ಲಿಟ್ಟು, ಒತ್ತಿ ಒರೆಸಿ, ತೇವ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಮುರುಗಲ (ಕೋಕಮ್) ತುಪ್ಪ ತುಂಬಿ ಹತ್ತಿಯ ಕೈಗವಸು ಹಾಕಿ ಮಲಗಿ. ಮುರುಗಲ ತುಪ್ಪ ಗಟ್ಟಿ ಇರುವುದರಿಂದ ಅಂಗೈಯಲ್ಲಿ ತಿಕ್ಕಿ ಕರಗಿಸಿಕೊಳ್ಳಬೇಕು. ಬಿರುಕು ಕೂಡಿದ ಮೇಲೆ ಯೂರಿಯಾ ಶುರು ಮಾಡಿ.

ಕೆಲಸಕ್ಕೆ ಕೂರುವ ಮೊದಲು ಕೊಬ್ಬರಿ ಎಣ್ಣೆಯನ್ನು ಉಗುರಿನ ಸಂದಿಗೂ ಹೋಗುವಂತೆ ಹಚ್ಚಿ, ಚೊಗರು ನೇರ ಇಳಿಯುವುದು ಸ್ವಲ್ಪವಾದರೂ ತಪ್ಪುತ್ತದೆ. ಕತ್ತಿ ಹಿಡಿತ ಜಾರದಂತೆ ಅಂಗೈ ಒರೆಸಿಕೊಳ್ಳಿ. ಬೆರಳ ಸಂದಿಯಲ್ಲಿ ನೀರುಗುಳ್ಳೆ, ತುರಿಕೆ ಎದ್ದರೆ ಅದು ಕಲೆಯ ವಿಷಯವಲ್ಲ, ಡಾಕ್ಟರಿಗೆ ತೋರಿಸಬೇಕು. ಬರೀ ಬಣ್ಣವಾದರೆ ಸುಲಿತ ಮುಗಿದ ಮೇಲೆ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ, ಯೂರಿಯಾ ಹಚ್ಚಿದರೆ ಇನ್ನೂ ಬೇಗ.