ಬೆದರಿಕೆ ಕಾಗದ ದೇವರ ಮುಂದೆ, ಆಮೇಲೆ ವಕೀಲರ ಮುಂದೆ

ಪ್ರಶ್ನೆ: ಮಗಳ ಮದುವೆಗೆ ಬ್ಲೇಡ್‌ನವರಿಂದ, ಅಂದರೆ ಲೈಸೆನ್ಸ್ ಇಲ್ಲದೆ ವಿಪರೀತ ಬಡ್ಡಿಗೆ ಸಾಲ ಕೊಡುವವರಿಂದ, ಸಾಲ ತೆಗೆದಿದ್ದೆ. ಖಾಲಿ ಚೆಕ್ಕಿಗೂ ಛಾಪಾ ಕಾಗದಕ್ಕೂ ಸಹಿ ಹಾಕಿಸಿಕೊಂಡಿದ್ದರು. ಅಸಲಿಗಿಂತ ಜಾಸ್ತಿ ಬಡ್ಡಿ ಕಟ್ಟಿ ಆಯಿತು. ಈಗ ಜಾಗ ಬರೆದು ಕೊಡು ಅಂತ ಮಲಯಾಳದಲ್ಲಿ ಕಾಗದ ಬಂದಿದೆ. ಅಂಗಳದಲ್ಲಿ ನಿಂತು ನೆರೆಕರೆಯವರಿಗೆಲ್ಲ ಕೇಳುವ ಹಾಗೆ ತುಳುವಿನಲ್ಲಿ ಬೈದು ಹೋದರು. ಅವರಿಗೆ ದೊಡ್ಡವರ ಬೆಂಬಲ ಇದೆ, ನಾನು ಗಂಡ ಇಲ್ಲದವಳು. ದಿನಾ ಪ್ರಾರ್ಥಿಸುತ್ತಿದ್ದೇನೆ. ಪೊಲೀಸರ ಹತ್ತಿರ ಹೋದರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗುತ್ತದಾ?
- ಒಬ್ಬ ಸಹೋದರಿ, ಬಾಯಾರು (ಕಾಸರಗೋಡು, ಕೇರಳ)

ಉತ್ತರ: ಖಂಡಿತ ಇಲ್ಲ ಅಕ್ಕಾ. ಧೈರ್ಯವಾಗಿ ಹೋಗಿ.

ಬೈಬಲಿನಲ್ಲಿ ಬರುವ ಯೆಹೂದದ ರಾಜ ಹಿಜ್ಕೀಯನಿಗೂ ಇಂಥದೇ ಕಾಗದ ಬಂದಿತ್ತು. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಮೇಲೆ ನುಗ್ಗಿದ. ಹಿಜ್ಕೀಯ ಮೊದಲು ಹಣ ಕೊಟ್ಟು ನೋಡಿದ. 300 ತಲಾಂತು (ಆಗಿನ ಕಾಲದ ದೊಡ್ಡ ತೂಕ) ಬೆಳ್ಳಿ, 30 ತಲಾಂತು ಬಂಗಾರ. ದೇವಾಲಯದ ಬಾಗಿಲಿಗೆ ಹೊದಿಸಿದ್ದ ಬಂಗಾರವನ್ನೂ ಕಿತ್ತು ಕೊಟ್ಟ. ಆದರೂ ಸೈನ್ಯ ಯೆರೂಸಲೇಮಿನ ಗೋಡೆಯವರೆಗೆ ಬಂತು. ರಬ್ಷಾಕೆ ಅನ್ನುವ ಅಶ್ಶೂರದ ಅಧಿಕಾರಿ ಅಲ್ಲಿ ನಿಂತು ಊರವರ ಭಾಷೆಯಲ್ಲೇ ಕೂಗಾಡಿದ. ಜನರಿಗೆ ತಿಳಿಯದ ಅರಾಮಿಯ ಭಾಷೆಯಲ್ಲಿ ಮಾತಾಡಿ ಅಂತ ಹಿಜ್ಕೀಯನ ಅಧಿಕಾರಿಗಳು ಬೇಡಿಕೊಂಡರೂ ಕೇಳಲಿಲ್ಲ, ಗೋಡೆ ಮೇಲಿದ್ದ ಜನ ಹೆದರಬೇಕು ಅನ್ನುವುದೇ ಅವನ ಲೆಕ್ಕ. ನಿಮ್ಮ ಅಂಗಳದಲ್ಲಿ ಆದದ್ದೂ ಅದೇ ಅಲ್ವಾ?

ಆಮೇಲೆ ಬಂದ ಬೆದರಿಕೆಯ ಕಾಗದವನ್ನು ಹಿಜ್ಕೀಯ ಓದಿದ, ದೇವಾಲಯಕ್ಕೆ ಹೋಗಿ ದೇವರ ಮುಂದೆ ಬಿಡಿಸಿ ಇಟ್ಟ. ಅಶ್ಶೂರದ ಅರಸರು ದೇಶದೇಶಗಳನ್ನೇ ಹಾಳುಮಾಡಿದ್ದು ನಿಜ ಅಂತ ಒಪ್ಪಿಕೊಂಡೇ ಕಾಪಾಡು ಎಂದು ಬೇಡಿದ. ನನಗೆ ಈ ಮಾತು ತುಂಬ ಇಷ್ಟ. ಎದುರಾಳಿ ದೊಡ್ಡವನಲ್ಲ ಅಂತ ಸುಮ್ನೆ ಹೇಳಿಕೊಳ್ಳುವುದು ನಂಬಿಕೆಯಲ್ಲ. ನಿಮ್ಮ ಹೆದರಿಕೆಯನ್ನೂ ದೇವರ ಮುಂದೆ ಹಾಗೇ ಬಿಚ್ಚಿಡಬಹುದು.

ಅದೇ ಹಿಜ್ಕೀಯ ಮುತ್ತಿಗೆಗೆ ಮೊದಲೇ ಗೋಡೆ ಗಟ್ಟಿ ಮಾಡಿಸಿದ್ದ, ಗೀಹೋನ್ ಬುಗ್ಗೆಯ ನೀರನ್ನು ಬಂಡೆ ಕೊರೆದು ಊರೊಳಕ್ಕೆ ತಂದಿದ್ದ. ನಿಮ್ಮ ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತರುತ್ತಾರಲ್ಲ, ಅಂಥದೇ ಸುರಂಗ, ಉದ್ದ ಸುಮಾರು 533 ಮೀಟರ್. ಎರಡೂ ಕಡೆಯಿಂದ ಅಗೆಯುತ್ತಾ ಬಂದವರು ನಡುವೆ ಒಬ್ಬರ ದನಿ ಒಬ್ಬರು ಕೇಳಿಸಿಕೊಂಡರು ಅಂತ ಅಲ್ಲೇ ಕೆತ್ತಿದ ಬರಹ 1880ರಲ್ಲಿ ಸಿಕ್ಕಿತು. ಇಷ್ಟು ಅಗೆಸಿದವನನ್ನೇ ದೇವರಲ್ಲಿ ಭರವಸೆ ಇಟ್ಟವನು ಅಂತ ಬೈಬಲ್ ಹೊಗಳುತ್ತದೆ.

ಇನ್ನೊಂದು ಮಾತು, ಇದನ್ನು ಮುಚ್ಚಿಡಲಾರೆ. ಯೆರೂಸಲೇಮ್ ಉಳಿಯಿತು, ಯೆಹೂದದ ಇನ್ನೊಂದು ಊರು ಲಾಕೀಷ್ ಉಳಿಯಲಿಲ್ಲ. ಅಲ್ಲಿಯೂ ಪ್ರಾರ್ಥಿಸಿದವರು ಇದ್ದಿರಬೇಕು. ನಂಬಿದವರಿಗೆ ಏನೂ ಆಗುವುದಿಲ್ಲ ಅಂತ ನಿಮಗೆ ಬರೆದರೆ ಅದು ಸುಳ್ಳಾಗುತ್ತದೆ. ಏನೇ ಆಗಲಿ ದೇವರು ನಿಮ್ಮ ಕೈಬಿಡುವುದಿಲ್ಲ ಅಂತ ಮಾತ್ರ ಪೂರ್ತಿ ನಂಬಿ ಬರೆಯುತ್ತಿದ್ದೇನೆ.

ಈಗ ಕೆಲಸದ ಮಾತು. ಕೇರಳದಲ್ಲಿ ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡುವ ಹಾಗಿಲ್ಲ, 1958ರ ಕಾನೂನೇ ಇದೆ. ಬ್ಲೇಡ್‌ನವರ ಮೇಲೆ 2014ರಲ್ಲಿ ಪೊಲೀಸರು ಆಪರೇಷನ್ ಕುಬೇರ ಅಂತ ದೊಡ್ಡ ಕಾರ್ಯಾಚರಣೆಯನ್ನೇ ಮಾಡಿದ್ದರು. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. ಆ ಕಾಗದವನ್ನು ಮಲಯಾಳ ಬಲ್ಲ, ನಿಮಗೆ ವಿಶ್ವಾಸ ಇರುವವರಿಂದ ಪೂರ್ತಿ ಓದಿಸಿ. ದುಡ್ಡು ಕಟ್ಟಿದ್ದಕ್ಕೆ ಚೀಟಿ, ಬ್ಯಾಂಕ್ ಪಾಸ್‌ಬುಕ್, ಫೋನಿಗೆ ಬಂದ ಮೆಸೇಜು, ಏನಿದ್ದರೂ ಒಟ್ಟು ಮಾಡಿಡಿ. ಹೊಸದಾಗಿ ಯಾವುದಕ್ಕೂ ಸಹಿ ಹಾಕಬೇಡಿ, ಚಹಾ ಕುಡಿಯುತ್ತಾ ರಾಜಿ ಮಾಡೋಣ ಅಂತ ಕರೆದರೂ ಸರಿ.

ಹಿಜ್ಕೀಯ ಕೂಡ ಪ್ರವಾದಿ ಯೆಶಾಯನ ಹತ್ತಿರ ಜನ ಕಳಿಸಿ, ನಮಗಾಗಿ ಪ್ರಾರ್ಥಿಸು ಅಂತ ಕೇಳಿದ್ದ. ನೀವೂ ನಿಮ್ಮ ಸಭೆಯಲ್ಲಿ ಹೇಳಿಕೊಳ್ಳಿ, ನಾಚಿಕೆ ಬೇಡ. ಸ್ಟೇಷನ್ನಿಗೆ ಹೋಗುವಾಗ ಅವರಲ್ಲಿ ಇಬ್ಬರು ನಿಮ್ಮ ಜೊತೆ ಬರಲಿ.